ಇಪ್ಪತ್ತಡಿಯ ಆಚೆಗೆ

ನಂದಿನಿ ಬಡಾವಣೆಯ ನಿವಾಸಿಗಳಿಗೆ ನಿವೇಶನದ ಅಳತೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಪ್ಪತ್ತು–ಮೂವತ್ತು ಎಂದರೆ ಎಷ್ಟು, ಮೂವತ್ತು–ನಲವತ್ತು ಎಂದರೆ ಎಷ್ಟು ಎಂಬುದು ಇಲ್ಲಿಯ ಮಕ್ಕಳಿಗೂ ಬಾಯಿಪಾಠ. ಒಂದು ಭಾನುವಾರ ಬೆಳಿಗ್ಗೆ ನಾನು ಅಳತೆಯ ಟೇಪು ಮತ್ತು ಸೀಮೆಸುಣ್ಣವನ್ನು ಹಿಡಿದು ನಮ್ಮ ಅಡ್ಡರಸ್ತೆಗೆ ಇಳಿದೆ. ಇಪ್ಪತ್ತಡಿ ಅಗಲದ ಒಂದು ಮನೆಯ ಗೋಡೆಯ ಅಂಚಿನಿಂದ ಆರಂಭಿಸಿ 6.83 ಮೀಟರಿನ ದೂರಕ್ಕೆ ನೆಲದ ಮೇಲೆ ಗೆರೆ ಎಳೆದೆ. ಆ ಗೆರೆಯು ಮನೆಯ ಮುಂಭಾಗವನ್ನು ಪೂರ್ತಿಯಾಗಿ ದಾಟಿ, ಪಕ್ಕದ ಮನೆಯವರ ಬಾಗಿಲ ಕಡೆಗೆ ಸುಮಾರು ಎರಡೂವರೆ ಅಡಿ ಸರಿದು ನಿಂತಿತು. ಅಡಿಗಳ ಲೆಕ್ಕದಲ್ಲಿ ಹೇಳುವುದಾದರೆ 22 ಅಡಿ 5 ಇಂಚು.

ಒಬ್ಬ ಮಹಿಳೆ ಅಷ್ಟು ದೂರವನ್ನು ಒಂದೇ ಜಿಗಿತದಲ್ಲಿ ದಾಟಿದ್ದಾರೆ. 2004ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ, ಅಥೆನ್ಸ್ ಒಲಿಂಪಿಕ್ಸಿನ ಅಂತಿಮ ಸ್ಪರ್ಧೆಯಲ್ಲಿ, ಜಗತ್ತಿನ ಅತ್ಯುತ್ತಮ ಜಿಗಿತಗಾರ್ತಿಯರ ನಡುವೆ ನಿಂತು ಆ ಸಾಹಸವನ್ನು ಮಾಡಿದವರು ಅಂಜು ಬಾಬಿ ಜಾರ್ಜ್. 2025ನೆಯ ಇಸವಿ ಮುಗಿಯುವವರೆಗೂ ಭಾರತದ ಯಾವ ಮಹಿಳೆಯೂ ಆ ಗೆರೆಯನ್ನು ದಾಟಿರಲಿಲ್ಲ.

ಅಂಜು ಹುಟ್ಟಿನಿಂದ ಕನ್ನಡಿಗರಲ್ಲ. ಆದರೆ ಅವರು ನಮ್ಮ ಪಕ್ಕದ ಊರಿನವರಷ್ಟೇ ಅಲ್ಲ, ನಮ್ಮ ಊರಿನವರೇ ಆಗಿಹೋಗಿದ್ದಾರೆ. ನಂದಿನಿ ಬಡಾವಣೆಯ ಅಂಚಿನಲ್ಲಿ ಹಾದುಹೋಗುವ ಹೊರವರ್ತುಲ ರಸ್ತೆಯನ್ನು ಹಿಡಿದು, ಡಾ. ರಾಜಕುಮಾರ್ ಅವರ ಸಮಾಧಿಯಿರುವ ಕಂಠೀರವ ಸ್ಟುಡಿಯೋವನ್ನು ಹಿಂದೆ ಬಿಟ್ಟು, ಲಗ್ಗೆರೆ, ಸುಮನಹಳ್ಳಿ, ನಾಗರಭಾವಿಗಳನ್ನು ದಾಟಿ ದಕ್ಷಿಣಕ್ಕೆ ಸಾಗಿದರೆ ಜ್ಞಾನಭಾರತಿಯ ಮರಗಳ ನೆರಳು ಎದುರಾಗುತ್ತದೆ. ಅಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ಅಂಜು ಬೆವರು ಸುರಿಸಿದ ನೆಲ ಅದು. ತಮ್ಮ ಸ್ಪರ್ಧೆಯ ದಿನಗಳು ಮುಗಿದ ಮೇಲೆ ಅವರು ಮುಂದಿನ ಪೀಳಿಗೆಯ ಹುಡುಗಿಯರನ್ನು ಬೆಳೆಸಲು ಆರಿಸಿಕೊಂಡದ್ದೂ ಬೆಂಗಳೂರನ್ನೇ.

ಹಲಗೆಯೆಂಬ ನ್ಯಾಯಾಧೀಶ

ಓಡಿಬಂದು ಹಾರುವುದರಲ್ಲಿ ಏನು ವಿಶೇಷ ಎಂದು ವಾಚಕರು ಕೇಳಬಹುದು. ಮೇಲುನೋಟಕ್ಕೆ ಉದ್ದ ಜಿಗಿತದಷ್ಟು ಸರಳವಾದ ಆಟ ಮತ್ತೊಂದಿಲ್ಲ. ಆದರೆ ಅದರ ಕಟ್ಟಳೆಗಳನ್ನು ಅರಿತವರಿಗೆ ಅದರಷ್ಟು ನಿಷ್ಠುರವಾದ ಆಟವೂ ಇನ್ನೊಂದಿಲ್ಲವೆಂದು ಮನದಟ್ಟಾಗುತ್ತದೆ.

ಕನಿಷ್ಠ 40 ಮೀಟರ್ ಉದ್ದದ ಓಟದ ದಾರಿ. ಅದರ ಕೊನೆಯಲ್ಲಿ ನೆಲಕ್ಕೆ ಸಮನಾಗಿ ಹುದುಗಿಸಿದ, 20 ಸೆಂಟಿಮೀಟರ್ ಅಗಲದ ಒಂದು ಹಲಗೆ. ಅದರಾಚೆ ಮರಳಿನ ಗುಂಡಿ. ಸ್ಪರ್ಧಿಯು ಸುಮಾರು ಇಪ್ಪತ್ತು ಹೆಜ್ಜೆಗಳಲ್ಲಿ ತನ್ನ ಶಕ್ತಿಯನ್ನೆಲ್ಲ ವೇಗವಾಗಿ ಪರಿವರ್ತಿಸಿಕೊಂಡು ಬರಬೇಕು. ಉತ್ತಮ ಜಿಗಿತಗಾರ್ತಿಯ ವೇಗ ಹಲಗೆಯ ಬಳಿ ಸೆಕೆಂಡಿಗೆ 9 ಮೀಟರನ್ನು ಮೀರುತ್ತದೆ. ಅಂಥ ಓಟದ ಕೊನೆಯಲ್ಲಿ ಕಣ್ಣು ಕೆಳಗೆ ಹಾಯಿಸದೆ, ಪಾದವು ಆ ಒಂದು ಗೇಣು ಅಗಲದ ಹಲಗೆಯ ಮೇಲೆಯೇ ಬೀಳಬೇಕು. ಹಲಗೆಯ ಮುಂದಿನ ಅಂಚನ್ನು ಬೆರಳ ತುದಿ ದಾಟಿತೋ, ಕೆಂಪು ಬಾವುಟ ಮೇಲೇರುತ್ತದೆ. ಆ ಜಿಗಿತ ಎಷ್ಟೇ ದೂರ ಹೋಗಿರಲಿ, ಲೆಕ್ಕಕ್ಕಿಲ್ಲ. ಹೆದರಿ ಅರ್ಧ ಅಡಿ ಹಿಂದಿನಿಂದಲೇ ಹಾರಿದರೆ ಆ ಅರ್ಧ ಅಡಿಯೂ ನಷ್ಟ. ಏಕೆಂದರೆ ಅಳತೆಯನ್ನು ಹಾರಿದ ಜಾಗದಿಂದ ಹಿಡಿಯುವುದಿಲ್ಲ, ಹಲಗೆಯ ಅಂಚಿನಿಂದ ಹಿಡಿಯುತ್ತಾರೆ. ಮರಳಿನಲ್ಲಿ ದೇಹದ ಯಾವ ಭಾಗ ಹಲಗೆಗೆ ಹತ್ತಿರವಾಗಿ ಗುರುತು ಮೂಡಿಸಿತೋ ಅಲ್ಲಿಗೆ ಅಳತೆ ನಿಲ್ಲುತ್ತದೆ. ಬೀಳುವಾಗ ಕೈಯೊಂದನ್ನು ಹಿಂದಕ್ಕೆ ಊರಿದರೂ ಸಾಕು, ಪದಕವೇ ಕೈತಪ್ಪಬಹುದು.

ಪಾದ ಹಲಗೆಯನ್ನು ಮುಟ್ಟಿರುವ ಹೊತ್ತು ಒಂದು ಸೆಕೆಂಡಿನ ಎಂಟನೆಯ ಒಂದು ಪಾಲು ಮಾತ್ರ. ಅಷ್ಟರಲ್ಲಿ ಮುನ್ನುಗ್ಗುವ ವೇಗದ ಒಂದಂಶವನ್ನು ಮೇಲಕ್ಕೆ ತಿರುಗಿಸಬೇಕು. ದೇಹದ ತೂಕದ ಹಲವು ಪಟ್ಟು ಭಾರವನ್ನು ಆ ಒಂದು ಕಾಲು, ಅದರ ಹಿಮ್ಮಡಿ, ಮಂಡಿ ಮತ್ತು ಸೊಂಟ ತಡೆದುಕೊಳ್ಳಬೇಕು. ಹೀಗೆ ಮೂರು ಅವಕಾಶಗಳು. ಅವುಗಳಲ್ಲಿ ಮೊದಲ ಎಂಟು ಸ್ಥಾನಗಳೊಳಗೆ ಬಂದವರಿಗೆ ಇನ್ನೂ ಮೂರು. ವರ್ಷಗಟ್ಟಲೆ ನಡೆಸಿದ ಸಾಧನೆಯೆಲ್ಲ ಆ ಆರು ಓಟಗಳಲ್ಲಿ ತೀರ್ಮಾನವಾಗುತ್ತದೆ.

ಹೆಣ್ಣಿಗೆ ತಡವಾಗಿ ತೆರೆದ ಬಾಗಿಲು

ಒಲಿಂಪಿಕ್ಸಿನ ಅಥ್ಲೆಟಿಕ್ಸ್‌ನಲ್ಲಿ ಮಹಿಳೆಯರಿಗೆ ಪ್ರವೇಶ ದೊರೆತದ್ದು 1928ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ಅಂದು ಅವರಿಗೆ ಇದ್ದದ್ದು ಐದೇ ಸ್ಪರ್ಧೆಗಳು, ಅವುಗಳಲ್ಲಿ ಉದ್ದ ಜಿಗಿತ ಇರಲಿಲ್ಲ. ಪುರುಷರು 1896ರಿಂದಲೇ ಜಿಗಿಯುತ್ತಿದ್ದರೂ ಮಹಿಳೆಯರು 1948ರ ಲಂಡನ್ ಕೂಟದವರೆಗೆ ಕಾಯಬೇಕಾಯಿತು. ಅಲ್ಲಿ ಹಂಗೆರಿಯ ಓಲ್ಗಾ ಗ್ಯಾರ್ಮತಿ ಮೊದಲ ಚಿನ್ನವನ್ನು ಗೆದ್ದರು. ಆಕೆಯ ಜಿಗಿತ 5.695 ಮೀಟರ್, ಅಂದರೆ ಸುಮಾರು 18 ಅಡಿ 8 ಇಂಚು. ನಮ್ಮ ಇಪ್ಪತ್ತಡಿಯ ಮನೆಯನ್ನು ಆಕೆ ದಾಟುತ್ತಿರಲಿಲ್ಲ. ಅಲ್ಲಿಂದ ನಾಲ್ಕು ದಶಕಗಳಲ್ಲಿ ಮಹಿಳೆಯರು ಆರು ಅಡಿ ಮುಂದೆ ಸಾಗಿದರು. 1988ರ ಜೂನ್ ತಿಂಗಳಿನಲ್ಲಿ ಸೋವಿಯತ್ ದೇಶದ ಗಲೀನಾ ಚಿಸ್ತ್ಯಾಕೋವಾ ಲೆನಿನ್‌ಗ್ರಾಡಿನಲ್ಲಿ ಸ್ಥಾಪಿಸಿದ 7.52 ಮೀಟರಿನ ವಿಶ್ವದಾಖಲೆ ಮೂವತ್ತೈದು ವರ್ಷಗಳ ನಂತರವೂ ಅಳಿಯದೆ ಉಳಿಯಿತು.

ಇಲ್ಲೊಂದು ತಮಾಷೆಯ ಮಾತು. ಮೂವತ್ತು–ನಲವತ್ತರ ನಿವೇಶನವುಳ್ಳವರು ನಿಶ್ಚಿಂತೆಯಿಂದಿರಬಹುದು. ಪುರುಷರ ವಿಶ್ವದಾಖಲೆಯನ್ನು 1991ರ ಆಗಸ್ಟ್ 30ರಂದು ಟೋಕಿಯೋದಲ್ಲಿ ಸ್ಥಾಪಿಸಿದ ಅಮೆರಿಕದ ಮೈಕ್ ಪೊವೆಲ್ ಹಾರಿದ್ದು 8.95 ಮೀಟರ್. ಮೂವತ್ತಡಿಗೆ ಇನ್ನೂ ಏಳೂವರೆ ಇಂಚು ಸಾಲದು! ಈ ಪೊವೆಲ್ ಮಹಾಶಯರ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಕಥೆಯಲ್ಲಿ ಅವರು ಮತ್ತೆ ಬರುತ್ತಾರೆ.

ಭಾರತದಲ್ಲಿ ಈ ದಾರಿಯನ್ನು ತೆರೆದವರಲ್ಲಿ ಕೇರಳದ ಇಬ್ಬರನ್ನು ಮರೆಯಲಾಗದು. 1978ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಏಂಜೆಲ್ ಮೇರಿ ಜೋಸೆಫ್ ಉದ್ದ ಜಿಗಿತದಲ್ಲಿಯೂ ಪೆಂಟಾಥ್ಲಾನಿನಲ್ಲಿಯೂ ಬೆಳ್ಳಿ ಗೆದ್ದರು. 1982ರ ದೆಹಲಿ ಕೂಟದಲ್ಲಿ ಬೆಳ್ಳಿ ಗೆದ್ದ ಮರ್ಸಿ ಕುಟ್ಟನ್ ಆರು ಮೀಟರಿನ ಗಡಿಯನ್ನು ದಾಟಿದ ಪ್ರಥಮ ಭಾರತೀಯ ಮಹಿಳೆ. ಆರು ಮೀಟರೆಂದರೆ ಇಪ್ಪತ್ತಡಿಗೆ ನಾಲ್ಕು ಇಂಚು ಕಡಮೆ. ಅದರಾಚೆಗೆ ದೇಶವನ್ನು ಕೊಂಡೊಯ್ಯುವ ಕೆಲಸ ಮುಂದಿನವರಿಗೆ ಉಳಿದಿತ್ತು.

ಕೊರುತೋಡಿನ ಹುಡುಗಿ

ಅಂಜು ಹುಟ್ಟಿದ್ದು 1977ರ ಏಪ್ರಿಲ್ 19ರಂದು, ಕೇರಳದ ಕೊಟ್ಟಾಯಂ ಜಿಲ್ಲೆಯ ಚಂಗನಾಶ್ಶೇರಿಯ ಬಳಿಯ ಚೀರಂಚಿರ ಗ್ರಾಮದಲ್ಲಿ. ಬಾಲ್ಯದ ಹೆಸರು ಅಂಜು ಮಾರ್ಕೋಸ್. ಅದೇ ಜಿಲ್ಲೆಯ ಬೆಟ್ಟಸೀಮೆಯ ಕೊರುತೋಡು ಎಂಬ ಊರಿನ ಶಾಲೆಯಲ್ಲಿ ಕೆ. ಪಿ. ಥಾಮಸ್ ಎಂಬ ಉಪಾಧ್ಯಾಯರಿದ್ದರು. ಸೌಕರ್ಯಗಳಿಲ್ಲದ ಆ ಶಾಲೆಯಿಂದ ರಾಷ್ಟ್ರಮಟ್ಟದ ಓಟಗಾರರನ್ನೂ ಜಿಗಿತಗಾರರನ್ನೂ ಸಾಲುಸಾಲಾಗಿ ಹೊರತಂದ ಅವರಿಗೆ ಮುಂದೆ ದ್ರೋಣಾಚಾರ್ಯ ಪ್ರಶಸ್ತಿ ಸಂದಿತು. ಅಂಜು ಅವರ ಕೈಯಲ್ಲಿ ಪಳಗಿದರು. ಬಳಿಕ ತ್ರಿಶ್ಶೂರಿನ ವಿಮಲಾ ಕಾಲೇಜು ಸೇರಿದರು.

ಆರಂಭದಲ್ಲಿ ಅವರ ಸ್ಪರ್ಧೆ ಉದ್ದ ಜಿಗಿತವಾಗಿರಲಿಲ್ಲ. ಏಳು ಸ್ಪರ್ಧೆಗಳನ್ನು ಒಂದಾಗಿ ಹೆಣೆದ ಹೆಪ್ಟಾಥ್ಲಾನ್ ಆಗಿತ್ತು. ಓಟ, ಹರ್ಡಲ್ಸ್, ಗುಂಡೆಸೆತ, ಭರ್ಜಿ ಎಸೆತಗಳ ನಡುವೆ ಜಿಗಿತದಲ್ಲಿ ಆ ಹುಡುಗಿಗೆ ಇದ್ದ ಸಹಜ ಪ್ರತಿಭೆ ಬೇರೆಯಾಗಿಯೇ ಹೊಳೆಯುತ್ತಿತ್ತು. 1996ರಲ್ಲಿ ಏಷ್ಯದ ಜೂನಿಯರ್ ಕೂಟದಲ್ಲಿ ಉದ್ದ ಜಿಗಿತದ ಪದಕ ಬಂದಿತು. 1999ರಲ್ಲಿ ಬೆಂಗಳೂರಿನಲ್ಲಿಯೇ ನಡೆದ ಫೆಡರೇಷನ್ ಕಪ್ ಕೂಟದಲ್ಲಿ ತ್ರಿವಿಧ ಜಿಗಿತದ ರಾಷ್ಟ್ರೀಯ ದಾಖಲೆಯನ್ನು ಅವರು ಮುರಿದರು. ನಮ್ಮ ನಗರದೊಂದಿಗೆ ಅವರ ದಾಖಲೆಗಳ ನಂಟು ಹಳೆಯದು.

ಅಷ್ಟರಲ್ಲಿ ಅವರ ಬಾಳನ್ನೇ ತಿರುಗಿಸಿದ ಒಬ್ಬ ವ್ಯಕ್ತಿಯ ಪರಿಚಯವಾಗಿತ್ತು. ತ್ರಿವಿಧ ಜಿಗಿತದ ಮಾಜಿ ರಾಷ್ಟ್ರೀಯ ಚಾಂಪಿಯನ್, ವೃತ್ತಿಯಿಂದ ಎಂಜಿನಿಯರ್ ಆದ ರಾಬರ್ಟ್ ಬಾಬಿ ಜಾರ್ಜ್. ಇಟಲಿಯಲ್ಲಿ ಆಡಿ ಹೆಸರು ಮಾಡಿ, 1987ರಲ್ಲಿ ಅಲ್ಲಿಯೇ ಕಾರು ಅಪಘಾತದಲ್ಲಿ ಅಸುನೀಗಿದ ವಾಲಿಬಾಲ್ ವೀರ ಜಿಮ್ಮಿ ಜಾರ್ಜ್ ಅವರ ತಮ್ಮ. ಬಾಬಿ ತಮ್ಮ ಸ್ಪರ್ಧಾಜೀವನವನ್ನು ಬದಿಗಿಟ್ಟು ಅಂಜು ಅವರ ತರಬೇತುದಾರರಾದರು. 2000ದಲ್ಲಿ ಇಬ್ಬರೂ ಸತಿಪತಿಗಳಾದರು. ಹೆಂಡತಿಯ ಏಳ್ಗೆಗಾಗಿ ಗಂಡ ತನ್ನ ಆಟವನ್ನು ಬಿಟ್ಟುಕೊಡುವುದು ನಮ್ಮ ಸಮಾಜದಲ್ಲಿ ದಿನಬೆಳಗಾದರೆ ಕಾಣುವ ದೃಶ್ಯವಲ್ಲ. ಅಂಜು ಅವರ ಪ್ರತಿಯೊಂದು ಪದಕದ ಹಿಂದೆ ಈ ತ್ಯಾಗವೂ ಇದೆಯೆಂಬುದನ್ನು ಹೇಳದಿದ್ದರೆ ಕಥೆ ಅಪೂರ್ಣ.

ಪ್ಯಾರಿಸ್ಸಿನ ಸಂಜೆ

2001ರಲ್ಲಿ ತಿರುವನಂತಪುರದ ಕೂಟವೊಂದರಲ್ಲಿ ಅಂಜು 6.74 ಮೀಟರ್ ಹಾರಿ ರಾಷ್ಟ್ರೀಯ ದಾಖಲೆಯನ್ನು ಮೇಲಕ್ಕೊಯ್ದರು. ಮರುವರ್ಷ ಮ್ಯಾಂಚೆಸ್ಟರಿನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 6.49 ಮೀಟರಿನ ಜಿಗಿತಕ್ಕೆ ಕಂಚು. ಅದೇ ವರ್ಷದ ಅಕ್ಟೋಬರಿನಲ್ಲಿ ಕೊರಿಯಾದ ಬೂಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ 6.53 ಮೀಟರಿನ ಜಿಗಿತಕ್ಕೆ ಚಿನ್ನ. ಸರಕಾರ ಅರ್ಜುನ ಪ್ರಶಸ್ತಿಯನ್ನಿತ್ತು ಗೌರವಿಸಿತು. ಏಷ್ಯದಲ್ಲಿ ಗೆದ್ದವರು ವಿಶ್ವಮಟ್ಟದಲ್ಲಿ ಗೆಲ್ಲಬೇಕಾದರೆ ವಿಶ್ವದ ವಿದ್ಯೆ ಬೇಕು. ದಂಪತಿಗಳು ಅಮೆರಿಕಕ್ಕೆ ಹೋಗಿ ಮೈಕ್ ಪೊವೆಲ್ ಅವರ ಬಳಿ ತರಬೇತಿ ಪಡೆದರು. ಯೂರೋಪಿನ ಕೂಟಗಳಲ್ಲಿ ಸ್ಪರ್ಧಿಸಿ, ಅದುವರೆಗೆ ಕೇವಲ ಹೆಸರು ಕೇಳಿದ್ದ ಎದುರಾಳಿಗಳ ಪಕ್ಕದಲ್ಲಿ ನಿಂತು ಓಡುವ ಅಭ್ಯಾಸ ಮಾಡಿಕೊಂಡರು.

ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಆರಂಭವಾದದ್ದು 1983ರಲ್ಲಿ, ಹೆಲ್ಸಿಂಕಿಯಲ್ಲಿ. ಅಲ್ಲಿಂದ ಎಂಟು ಕೂಟಗಳು ನಡೆದುಹೋದರೂ ಭಾರತದ ಹೆಸರಿಗೆ ಒಂದು ಪದಕವೂ ಬಂದಿರಲಿಲ್ಲ. ಅಥ್ಲೆಟಿಕ್ಸ್ ಎಂದೊಡನೆ ಭಾರತೀಯರು ಸ್ಮರಿಸುತ್ತಿದ್ದುದು ಎರಡು ನಾಲ್ಕನೆಯ ಸ್ಥಾನಗಳನ್ನು: 1960ರಲ್ಲಿ ರೋಮಿನಲ್ಲಿ ಮಿಲ್ಖಾ ಸಿಂಗ್, 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಸೆಕೆಂಡಿನ ನೂರನೆಯ ಒಂದು ಪಾಲಿನಿಂದ ಕಂಚನ್ನು ಕಳೆದುಕೊಂಡ ಪಿ. ಟಿ. ಉಷಾ. ‘ಸ್ವಲ್ಪದರಲ್ಲಿ ತಪ್ಪಿತು’ ಎಂಬ ಮಾತೇ ನಮ್ಮ ಇತಿಹಾಸವಾಗಿತ್ತು.

2003ನೆಯ ಇಸವಿ ಆಗಸ್ಟ್ 30. ಪೊವೆಲ್ ತಮ್ಮ ವಿಶ್ವದಾಖಲೆಯನ್ನು ಸ್ಥಾಪಿಸಿ ಅಂದಿಗೆ ಸರಿಯಾಗಿ ಹನ್ನೆರಡು ವರ್ಷ. ಪ್ಯಾರಿಸ್ ನಗರದ ಹೊರವಲಯದ ಸ್ಟಾಡ್ ದ ಫ್ರಾನ್ಸ್ ಕ್ರೀಡಾಂಗಣ. ತವರಿನ ಪ್ರೇಕ್ಷಕರೆಲ್ಲ ತಮ್ಮ ಯೂನಿಸ್ ಬಾರ್ಬರ್ ಅವರ ಕಡೆ. ರಷ್ಯದ ತತ್ಯಾನಾ ಕೊತೋವಾ ಅನುಭವದಲ್ಲಿಯೂ ಕೀರ್ತಿಯಲ್ಲಿಯೂ ಮುಂದು. ಭಾರತದ ಹುಡುಗಿಯ ಮೇಲೆ ಹೆಚ್ಚಿನವರ ದೃಷ್ಟಿ ಇರಲಿಲ್ಲ. ಅಂಜು ಮೊದಲ ಸರದಿಯಲ್ಲಿಯೇ 6.61 ಮೀಟರ್ ಹಾರಿ ಎಲ್ಲರೂ ತಿರುಗಿ ನೋಡುವಂತೆ ಮಾಡಿದರು. ಆದರೆ ಸರದಿಗಳು ಕಳೆದಂತೆ ಇತರರು ಮುಂದಾದರು. ಪದಕದ ಸಾಲಿನಿಂದ ಅವರ ಹೆಸರು ಕೆಳಗಿಳಿಯಿತು. ಮತ್ತೆ ಅದೇ ನಾಲ್ಕನೆಯ ಸ್ಥಾನದ ಭೂತ ಕಾಡುವಂತೆ ಕಂಡಿತು.

ಐದನೆಯ ಸರದಿ. ಓಟದ ದಾರಿಯಲ್ಲಿ ಹೆಜ್ಜೆಗಳು ಒಂದರ ಹಿಂದೊಂದು ಸರಿಯಾಗಿ ಬಿದ್ದವು. ಹಲಗೆಯನ್ನು ಪಾದ ಮುಟ್ಟಿತು. ಬಿಳಿಯ ಬಾವುಟ ಮೇಲೆದ್ದಿತು. 6.70 ಮೀಟರ್, ಸರಿಸುಮಾರು 22 ಅಡಿ! ಕೊನೆಯ ಸರದಿಯಲ್ಲಿ ಬಾರ್ಬರ್ 6.99 ಮೀಟರ್ ಹಾರಿ ಚಿನ್ನವನ್ನು ಕಿತ್ತುಕೊಂಡರು. ಕೊತೋವಾ 6.74 ಮೀಟರಿನೊಂದಿಗೆ ಬೆಳ್ಳಿಗೆ ಇಳಿದರು. ಕಂಚು ಮಾತ್ರ ಭಾರತದ್ದಾಗಿಯೇ ಉಳಿಯಿತು. ಕೊತೋವಾ ಅವರ ಆ ಬೆಳ್ಳಿಯ ದೂರ ಅಂಜು ಎರಡು ವರ್ಷಗಳ ಹಿಂದೆ ತಿರುವನಂತಪುರದಲ್ಲಿ ಹಾರಿದ ದೂರವೇ ಎಂಬುದನ್ನು ನೆನೆದರೆ, ಆ ಕಂಚು ಅದೃಷ್ಟದ ಕೊಡುಗೆಯಲ್ಲವೆಂದು ತಿಳಿಯುತ್ತದೆ.

ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಭಾರತದ ಮೊಟ್ಟಮೊದಲ ಪದಕವದು. ಎರಡನೆಯದಕ್ಕಾಗಿ ದೇಶ ಹತ್ತೊಂಬತ್ತು ವರ್ಷ ಕಾಯಬೇಕಾಯಿತು. 2022ರಲ್ಲಿ ನೀರಜ್ ಚೋಪ್ರಾ ಭರ್ಜಿ ಎಸೆತದಲ್ಲಿ ಬೆಳ್ಳಿ ಗೆಲ್ಲುವವರೆಗೆ ಅಂಜು ಒಬ್ಬರೇ ಆ ಪಟ್ಟಿಯಲ್ಲಿದ್ದರು. ಅಂಜು ಅವರಿಗೆ 2003ನೆಯ ಸಾಲಿನ ಖೇಲ್ ರತ್ನ, 2004ರಲ್ಲಿ ಪದ್ಮಶ್ರೀ ಪ್ರಶಸ್ತಿಗಳು ದೊರೆತವು.

ಅತ್ಯುತ್ತಮ ಜಿಗಿತ, ಆರನೆಯ ಸ್ಥಾನ

ಅಥೆನ್ಸಿನ ಕಥೆಯನ್ನು ಆರಂಭದಲ್ಲಿಯೇ ಮುಟ್ಟಿದ್ದೇವೆ. ಮೊದಲ ಜಿಗಿತದಲ್ಲಿಯೇ 6.83 ಮೀಟರ್. ಅದು ಅವರ ಬಾಳಿನ ಅತ್ಯುತ್ತಮ ಜಿಗಿತ. ಪ್ಯಾರಿಸ್ಸಿನಲ್ಲಿ ಅಷ್ಟು ಹಾರಿದ್ದರೆ ಬೆಳ್ಳಿ ಅವರದಾಗುತ್ತಿತ್ತು. ಆದರೆ ಅಥೆನ್ಸಿನಲ್ಲಿ ದೊರೆತದ್ದು ಆರನೆಯ ಸ್ಥಾನ. ಮೊದಲ ಮೂರು ಸ್ಥಾನಗಳನ್ನೂ ರಷ್ಯದ ಮಹಿಳೆಯರೇ ಪಡೆದರು. ತತ್ಯಾನಾ ಲೆಬೆದೇವಾ 7.07, ಇರೀನಾ ಸಿಮಾಗಿನಾ ಮತ್ತು ಕೊತೋವಾ ತಲಾ 7.05 ಮೀಟರ್. ನಾಲ್ಕನೆಯವರು ಆಸ್ಟ್ರೇಲಿಯದ ಬ್ರಾನ್ವಿನ್ ಥಾಮ್ಸನ್. ಐದನೆಯವರು ಅಮೆರಿಕದ ಮೇರಿಯನ್ ಜೋನ್ಸ್, 6.85 ಮೀಟರ್. ಅಂಜುವಿಗಿಂತ ಎರಡೇ ಸೆಂಟಿಮೀಟರ್ ಹೆಚ್ಚು.

ಈ ಎರಡು ಸೆಂಟಿಮೀಟರಿನ ಲೆಕ್ಕ ಮೂರು ವರ್ಷಗಳ ಬಳಿಕ ತಲೆಕೆಳಗಾಯಿತು. 2007ರ ಅಕ್ಟೋಬರಿನಲ್ಲಿ ಮೇರಿಯನ್ ಜೋನ್ಸ್ ನಿಷಿದ್ಧ ಮದ್ದುಗಳನ್ನು ಸೇವಿಸಿದ್ದನ್ನು ಒಪ್ಪಿಕೊಂಡರು. 2000ದ ಸೆಪ್ಟೆಂಬರಿನಿಂದ ಅವರು ಪಡೆದಿದ್ದ ಫಲಿತಾಂಶಗಳೆಲ್ಲ ರದ್ದಾದವು. ಅಂಜು ಐದನೆಯವರಾದರು.

ಇಂಥ ತಡವಾದ ನ್ಯಾಯ ಅಂಜು ಅವರ ಪಾಲಿಗೆ ಅದೊಂದೇ ಬಾರಿ ಬಂದದ್ದಲ್ಲ. 2005ರಲ್ಲಿ ಹೆಲ್ಸಿಂಕಿಯ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಅವರು 6.66 ಮೀಟರಿನೊಂದಿಗೆ ಐದನೆಯವರಾಗಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೊನಾಕೋದಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಫೈನಲ್ಸ್‌ನಲ್ಲಿ 6.75 ಮೀಟರ್ ಹಾರಿ ಕೊತೋವಾ ಅವರ ಹಿಂದೆ ಬೆಳ್ಳಿ ಪಡೆದಿದ್ದರು. ಹೆಲ್ಸಿಂಕಿಯಲ್ಲಿ ಶೇಖರಿಸಿಟ್ಟ ಮಾದರಿಗಳನ್ನು ವರ್ಷಗಳ ನಂತರ ಹೊಸ ವಿಧಾನಗಳಿಂದ ಮರುಪರೀಕ್ಷಿಸಿದಾಗ ಕೊತೋವಾ ಸಿಕ್ಕಿಬಿದ್ದರು. ಹೆಲ್ಸಿಂಕಿಯ ಸ್ಥಾನ ನಾಲ್ಕಕ್ಕೇರಿತು. 2014ರಲ್ಲಿ ಮೊನಾಕೋದ ಬೆಳ್ಳಿ ಚಿನ್ನವಾಯಿತು.

ವಾಚಕರೇ, ಇದನ್ನು ಕ್ಷಣಕಾಲ ಯೋಚಿಸಿ ನೋಡಿ. ಒಂಬತ್ತು ವರ್ಷಗಳ ತರುವಾಯ ಒಬ್ಬರಿಗೆ ‘ಅಂದು ಗೆದ್ದವರು ನೀವೇ’ ಎಂದು ತಿಳಿಸುತ್ತಾರೆ. ಅಂದು ಮೊಳಗಬೇಕಾಗಿದ್ದ ರಾಷ್ಟ್ರಗೀತೆಯನ್ನು ಇಂದು ಯಾರು ಮೊಳಗಿಸುತ್ತಾರೆ? ಅಂದು ಮೈದಾನದಲ್ಲಿ ಸುತ್ತು ಹಾಕಬೇಕಾಗಿದ್ದ ಕಾಲುಗಳು ಈಗ ಸ್ಪರ್ಧೆಯಿಂದಲೇ ನಿವೃತ್ತವಾಗಿವೆ. ಆ ಗೆಲುವಿನಿಂದ ಬರಬಹುದಾಗಿದ್ದ ನೆರವು, ಆ ಗೆಲುವನ್ನು ಕಂಡು ಮೈದಾನಕ್ಕೆ ಬರಬಹುದಾಗಿದ್ದ ಹುಡುಗಿಯರು, ಇವುಗಳ ನಷ್ಟವನ್ನು ಯಾವ ಸಮಿತಿಯೂ ತುಂಬಿಕೊಡಲಾರದು. ಪದಕ ಕದಿಯುವವರು ಲೋಹವನ್ನು ಕದಿಯುವುದು ಕಡಮೆ, ಕಾಲವನ್ನು ಕದಿಯುವುದೇ ಹೆಚ್ಚು.

ದೇಹವೆಂಬ ಎದುರಾಳಿ

ಅವರ ಇನ್ನೊಂದು ಎದುರಾಳಿ ಅವರ ಮೈಯೊಳಗೇ ಇತ್ತು. 2020ರ ಡಿಸೆಂಬರಿನಲ್ಲಿ ಅಂಜು ಬಹಿರಂಗಪಡಿಸಿದ ಸಂಗತಿಯೊಂದು ಕ್ರೀಡಾಲೋಕವನ್ನು ಬೆರಗುಗೊಳಿಸಿತು. ಅವರಿಗೆ ಇದ್ದದ್ದು ಒಂದೇ ಮೂತ್ರಪಿಂಡ! ನೋವು ತಡೆಯುವ ಸಾಮಾನ್ಯ ಗುಳಿಗೆಯೂ ಅವರ ಮೈಗೆ ಒಗ್ಗುತ್ತಿರಲಿಲ್ಲ. ಹಲಗೆಯ ಮೇಲೆ ಊರಿ ಚಿಮ್ಮುವ ಕಾಲು ಕೂಡ ನೆಟ್ಟಗಿರಲಿಲ್ಲ. ಇತರ ಕ್ರೀಡಾಪಟುಗಳು ಮೈಕೈ ನೋವಿಗೆ ಒಂದು ಗುಳಿಗೆ ನುಂಗಿ ಮಲಗಿದರೆ, ಇವರು ನೋವನ್ನು ನೋವಿನಿಂದಲೇ ತಾಳಿಕೊಳ್ಳಬೇಕಾಗಿತ್ತು. ದೇಹದ ತೂಕದ ಹಲವು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆಂದು ಮೇಲೆ ಹೇಳಿದೆನಷ್ಟೆ? ಆ ಕಾಲೇ ಸೋತಿದ್ದಾಗ 22 ಅಡಿಯ ಜಿಗಿತ ಹೇಗೆ ಸಾಧ್ಯವಾಯಿತೆಂಬ ಪ್ರಶ್ನೆಗೆ ವೈದ್ಯಶಾಸ್ತ್ರ ಏನು ಹೇಳುವುದೋ, ಛಲವೆಂಬುದಂತೂ ಒಂದು ಉತ್ತರ.

ಛಲಕ್ಕೂ ಮೇರೆಯುಂಟು. 2005ರಲ್ಲಿ ಇಂಚೋನಿನ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಚಿನ್ನ, 2006ರ ದೋಹಾ ಏಷ್ಯನ್ ಕೂಟದಲ್ಲಿ ಬೆಳ್ಳಿ, 2007ರಲ್ಲಿ ಅಮ್ಮಾನಿನಲ್ಲಿ ಮತ್ತೊಂದು ಬೆಳ್ಳಿ. 2008ರ ಬೀಜಿಂಗ್ ಒಲಿಂಪಿಕ್ಸಿನ ಅರ್ಹತಾ ಸುತ್ತಿನಲ್ಲಿ ಅಂಜು ಮೂರು ಬಾರಿ ಓಡಿದರು. ಮೂರು ಬಾರಿಯೂ ಕೆಂಪು ಬಾವುಟ ಮೇಲೇರಿತು. ಅಥೆನ್ಸಿನಲ್ಲಿ ದಾಖಲೆ ಬರೆದವರ ಹೆಸರಿನ ಮುಂದೆ ಬೀಜಿಂಗಿನಲ್ಲಿ ಒಂದು ಅಂಕಿಯೂ ಬೀಳಲಿಲ್ಲ. ಹಲಗೆಯೆಂಬ ನ್ಯಾಯಾಧೀಶನಿಗೆ ಹಳೆಯ ಕೀರ್ತಿಯ ದಾಕ್ಷಿಣ್ಯವಿಲ್ಲ.

ಬೆಂಗಳೂರಿನ ಮರಳು

ಕರ್ನಾಟಕದ ಮಹಿಳೆಯರೂ ಈ ಮರಳಿನ ಮೇಲೆ ಗುರುತು ಬಿಟ್ಟವರೇ. ಬೆಂಗಳೂರಿನ ರೀತ್ ಅಬ್ರಹಾಂ ಉದ್ದ ಜಿಗಿತ ಮತ್ತು ಹೆಪ್ಟಾಥ್ಲಾನ್‌ಗಳಲ್ಲಿ ಹೆಸರು ಮಾಡಿ ಅರ್ಜುನ ಪ್ರಶಸ್ತಿಗೆ ಪಾತ್ರರಾದರು. ಕೊಡಗಿನ ಪ್ರಮೀಳಾ ಅಯ್ಯಪ್ಪ ಹೆಪ್ಟಾಥ್ಲಾನ್‌ನಲ್ಲಿ ಒಲಿಂಪಿಕ್ಸಿಗೆ ಹೋಗಿಬಂದು, 2010ರ ಗ್ವಾಂಗ್‌ಜೋ ಏಷ್ಯನ್ ಕೂಟದಲ್ಲಿ ಕಂಚು ಗೆದ್ದರು. ಅಂಥ ನೆಲದಲ್ಲಿ ಅಂಜು 2016ರಲ್ಲಿ ಹುಡುಗಿಯರಿಗಾಗಿ ತರಬೇತಿ ಅಕಾಡೆಮಿಯನ್ನು ತೆರೆದರು. ಬಾಬಿ ಅಲ್ಲಿಯೂ ಗುರುಗಳು. ಈ ಕಾರ್ಯವನ್ನು ಮೆಚ್ಚಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯು 2021ರಲ್ಲಿ ಅಂಜು ಅವರಿಗೆ ‘ವರ್ಷದ ಮಹಿಳೆ’ ಪ್ರಶಸ್ತಿಯನ್ನು ನೀಡಿತು. ಇದು ದೂರ ಹಾರಿದ್ದಕ್ಕೆ ಸಂದ ಪ್ರಶಸ್ತಿಯಲ್ಲ, ಇತರರನ್ನು ಹಾರಿಸಿದ್ದಕ್ಕೆ ಸಂದದ್ದು.

ಆ ಶಿಷ್ಯೆಯರಲ್ಲಿ ಮುಖ್ಯಳಾದವಳು ಶೈಲಿ ಸಿಂಗ್. ಉತ್ತರಪ್ರದೇಶದ ಝಾನ್ಸಿಯಲ್ಲಿ 2004ರ ಜನವರಿಯಲ್ಲಿ, ಅಂದರೆ ಅಥೆನ್ಸಿನ ಜಿಗಿತಕ್ಕೆ ಕೆಲವೇ ತಿಂಗಳು ಮೊದಲು ಹುಟ್ಟಿದವಳು. ತಾಯಿ ಹೊಲಿಗೆ ಕೆಲಸದಿಂದ ಒಬ್ಬಂಟಿಯಾಗಿ ಸಂಸಾರ ತೂಗಿಸಿದವರು. ಜೂನಿಯರ್ ಕೂಟವೊಂದರಲ್ಲಿ ಈ ಹುಡುಗಿಯನ್ನು ಬಾಬಿ ಗುರುತಿಸಿದರು. ಹದಿನಾಲ್ಕರ ವಯಸ್ಸಿನಲ್ಲಿ ಅವಳು ಬೆಂಗಳೂರಿಗೆ ಬಂದಳು. ಆ ವಯಸ್ಸಿನ ಮಗಳನ್ನು ಅಷ್ಟು ದೂರದ, ಭಾಷೆ ತಿಳಿಯದ ಊರಿಗೆ ಕಳುಹಿಸಿಕೊಟ್ಟ ಆ ತಾಯಿಯ ಧೈರ್ಯವೂ ಒಂದು ಉದ್ದ ಜಿಗಿತವೇ.

2021ರ ಆಗಸ್ಟಿನಲ್ಲಿ ನೈರೋಬಿಯಲ್ಲಿ ಇಪ್ಪತ್ತು ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಶೈಲಿ 6.59 ಮೀಟರ್ ಹಾರಿದಳು. ಸ್ವೀಡನ್ನಿನ ಮಾಯಾ ಓಸ್ಕಾಗ್ 6.60 ಮೀಟರ್ ಹಾರಿದಳು. ಚಿನ್ನಕ್ಕೂ ಬೆಳ್ಳಿಗೂ ನಡುವೆ ಒಂದೇ ಸೆಂಟಿಮೀಟರ್, ಒಂದು ಕಿರುಬೆರಳಿನ ಅಗಲ! ಅಥೆನ್ಸಿನ ಎರಡು ಸೆಂಟಿಮೀಟರನ್ನು ಬಲ್ಲ ಗುರುವಿಗೆ ಆ ಹುಡುಗಿಯನ್ನು ಹೇಗೆ ಸಂತೈಸಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

2023ರ ಏಪ್ರಿಲಿನಲ್ಲಿ ನಮ್ಮ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿಯೇ ಶೈಲಿ 6.76 ಮೀಟರ್ ಹಾರಿ ಗುರುವಿನ ದಾಖಲೆಯ ಸಮೀಪಕ್ಕೆ ಬಂದಳು. ಉಳಿದದ್ದು ಏಳು ಸೆಂಟಿಮೀಟರ್. ಅದೇ ವರ್ಷ ಬ್ಯಾಂಕಾಕಿನ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಬೆಳ್ಳಿ ಗೆದ್ದಳು. ಹಾಂಗ್‌ಜೋ ಏಷ್ಯನ್ ಕೂಟದಲ್ಲಿ ಕೇರಳದ ಆನ್ಸಿ ಸೋಜನ್ 6.63 ಮೀಟರಿನೊಂದಿಗೆ ಬೆಳ್ಳಿ ಗೆದ್ದು ಪೈಪೋಟಿಯನ್ನು ಬಿಗಿಗೊಳಿಸಿದಳು. 2025ರ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ ಆನ್ಸಿಗೆ ಬೆಳ್ಳಿ, ಶೈಲಿಗೆ ಕಂಚು. ಅದೇ ವರ್ಷ ಫೆಡರೇಷನ್ ಕೂಟದಲ್ಲಿ ಶೈಲಿ 6.64 ಮೀಟರ್ ಹಾರಿ, 2002ರಿಂದ ಅಂಜು ಅವರ ಹೆಸರಿನಲ್ಲಿದ್ದ ಕೂಟದಾಖಲೆಯನ್ನು ಅಳಿಸಿದಳು. ತನ್ನ ಹೆಸರು ಅಳಿಸಿಹೋಗಲೆಂದೇ ದಿನವೂ ಮೈದಾನಕ್ಕೆ ಬರುವ ಗುರುವಿನ ಬಗೆಯೇ ಬೇರೆ.

ಇನ್ನು ನಮ್ಮ ಅಡ್ಡರಸ್ತೆಗೆ ಮರಳೋಣ. ನಾನು ಗೆರೆ ಎಳೆದು ಮುಗಿಸುವಷ್ಟರಲ್ಲಿ ನಾಲ್ಕಾರು ಹುಡುಗಿಯರು ಸೇರಿದ್ದರು. ವಿಷಯ ತಿಳಿದೊಡನೆ ಒಬ್ಬೊಬ್ಬಳೂ ಓಡಿಬಂದು ಹಾರತೊಡಗಿದಳು. ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದು, “ಏ, ನಿಲ್ಲಿಸ್ರೇ! ಹೆಣ್ಣುಮಕ್ಕಳು ಕಾಲು ಮುರಕೊಂಡ್ರೆ ಯಾರು ನೋಡ್ಕೊತಾರೆ?” ಎಂದು ಗದರಿಸಿದರು. ಹುಡುಗಿಯರು ಕ್ಷಣ ಹೊತ್ತು ನಿಂತರು. ಅಜ್ಜಿ ನನ್ನ ಕಡೆ ತಿರುಗಿ, “ಇದೇನಪ್ಪ ಈ ಗೆರೆ?” ಎಂದು ವಿಚಾರಿಸಿದರು. ಹೇಳಿದೆ. ಅವರು ನಂಬಲಿಲ್ಲ. ಮೆಟ್ಟಿಲಿಳಿದು ಬಂದು, ಮೊದಲ ಗೆರೆಯಿಂದ ಕೊನೆಯ ಗೆರೆಯವರೆಗೆ ಅಡಿಗೆ ಅಡಿ ಕೂಡಿಸಿಕೊಂಡು, ಬಾಯಲ್ಲಿ ಎಣಿಸುತ್ತ ನಡೆದರು. ಅವರ ಪುಟ್ಟ ಪಾದದ ಅಳತೆಗೆ ಲೆಕ್ಕ ಮೂವತ್ತರ ಹತ್ತಿರ ಬಂದಿತು.

“ಒಂದೇ ಸಲಕ್ಕೇನಪ್ಪ?”

“ಒಂದೇ ಸಲಕ್ಕೆ, ಅಜ್ಜಿ.”

ಅವರು ಸ್ವಲ್ಪ ಹೊತ್ತು ಆ ಗೆರೆಯನ್ನೇ ನೋಡುತ್ತ ನಿಂತರು. ಆಮೇಲೆ ರಸ್ತೆಯ ಅಂಚಿಗೆ ಸರಿದು, ಹುಡುಗಿಯರಿಗೆ ದಾರಿ ಬಿಟ್ಟುಕೊಟ್ಟು, “ಸರಿ, ಚಪ್ಪಲಿ ಬಿಚ್ಚಿಟ್ಟು ಹಾರ್ರೇ, ಜಾರೀತು” ಎಂದರು.